ಊರುಗಳ ಹೆಸರು ಬರೆಯುತ್ತಿದ್ದ ಕಾಲ

ಗೋಡೆಯ ಮೇಲೆ ಒಂದು ಅಕ್ಷರ ಮೂಡಿದರೆ ಸಾಕು, ನೋಡಲು ಮಂದಿ ನಿಲ್ಲುತ್ತಾರೆ. ಮಂದಿ ನಿಂತಮೇಲೆ ಏನಾದರೊಂದು ಆಗದೆ ಇರುವುದಿಲ್ಲ. ಬೋರ್ಡು ಬರೆಯುವ ನನ್ನ ಕಸುಬಿನಲ್ಲಿ ಇಂಥವು ಮೊದಲೂ ಆದವು, ಆಮೇಲೂ ಆದವು. ಆದರೆ ನಿಜಾಮರ ಆಳ್ವಿಕೆ ಮುಗಿದು ನಾವು ಮೈಸೂರು ರಾಜ್ಯಕ್ಕೆ ಸೇರುವತನಕದ ಆ ಕೆಲವು ವರ್ಷಗಳಲ್ಲಿ ಆದಷ್ಟು ಬೇರೆ ಯಾವಾಗಲೂ ಆಗಲಿಲ್ಲ.

ಅದಕ್ಕೆ ಕಾರಣವೂ ಇದೆ. ಅಲ್ಲಿಯತನಕ ನಮ್ಮ ಕಡೆ ಕಚೇರಿಯ ಬೋರ್ಡು, ಶಾಲೆಯ ಬೋರ್ಡು, ಮೈಲಿಗಲ್ಲು ಎಲ್ಲ ಉರ್ದುವಿನಲ್ಲಿ ಇರುತ್ತಿದ್ದವು. ನಲವತ್ತೆಂಟರಲ್ಲಿ ಭಾರತದ ಫೌಜು ಬಂದು ನಿಜಾಮರ ಸರ್ಕಾರ ಹೋಯಿತು. ಬೋರ್ಡುಗಳು ಒಂದೊಂದಾಗಿ ಕನ್ನಡಕ್ಕೆ ತಿರುಗಿದವು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರರ ನಡುವೆ ಆಗ ಯಾವ ಊರಿನ ಹೆಸರು ಕನ್ನಡದಲ್ಲಿ ಎಲ್ಲಿ ಕಂಡರೂ ಅದು ಹೆಚ್ಚುಕಡಿಮೆ ನನ್ನ ಕೈಬರಹವೇ. ಜಂಬಕ್ಕೆ ಹೇಳುತ್ತಿಲ್ಲ. ನನಗಿಂತ ಚೆನ್ನಾಗಿ ಕನ್ನಡ ಬರೆಯುವ ಪೇಂಟರ್ ಆ ದಾರಿಯಲ್ಲಿ ಇರಲಿಲ್ಲ. ಬೇರೆ ಪೇಂಟರೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಬಲದಿಂದ ಎಡಕ್ಕೆ

ನನಗೆ ಬ್ರಷ್ ಹಿಡಿಯುವುದನ್ನು ಕಲಿಸಿದವರು ಒಬ್ಬ ಮುಸಲ್ಮಾನ ಉಸ್ತಾದರು. ಅವರ ಉರ್ದು ಅಕ್ಷರ ನೋಡಬೇಕು, ನೀರಿನಲ್ಲಿ ಹಾವು ಹೋದಂತೆ ಹೋಗುತ್ತಿತ್ತು. ಕನ್ನಡ ಅವರಿಗೆ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಆದರೂ ಹೊಸ ಸರ್ಕಾರದ ಮೊದಲ ಬೋರ್ಡು ತಾವೇ ಬರೆಯಬೇಕೆಂದು ಹಟ ಹಿಡಿದರು.

ಸಿಂಧನೂರಿನ ಒಂದು ಸರ್ಕಾರಿ ಗೋಡೆಯ ಮೇಲೆ ಊರಿನ ಹೆಸರನ್ನು ಆಳೆತ್ತರದ ಅಕ್ಷರದಲ್ಲಿ ಬರೆಯುವ ಕೆಲಸ. ಎದುರಿಗೇ ಸಂತೆ ಕೂಡುವ ಬಯಲು. ನಾನು ಮುಂಜಾನೆಯೇ ಸೀಮೆಸುಣ್ಣದಲ್ಲಿ ಸಣ್ಣಗೆ ಗೆರೆ ಎಳೆದು, "ಉಸ್ತಾದ್, ಈ ಗೆರಿ ಮ್ಯಾಲೆ ಬಣ್ಣ ಹಚ್ಚಿಕೋತ ಹೋದ್ರ ಆತು" ಅಂದೆ. ಅವರು ಏಣಿಯನ್ನು ತಮ್ಮ ರೂಢಿಯಂತೆ ಬಲಗಡೆಗೆ ಹಾಕಿಸಿಕೊಂಡು, ಬಲಗಡೆಯಿಂದಲೇ ಶುರು ಮಾಡಿದರು. ಮೊದಲು 'ರು' ಬರೆದರು. ಆಮೇಲೆ ಅದರ ಎಡಕ್ಕೆ 'ನೂ' ಬರೆದರು. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. ಕೆಳಗಿಳಿದು, ಕೈ ಒರೆಸಿಕೊಂಡು ಮಸೀದಿಗೆ ಹೋದರು. ನಾನೂ ಬುತ್ತಿ ಬಿಚ್ಚಿಕೊಂಡು ಹಿಂದಿನ ಗಿಡದ ನೆರಳಿಗೆ ಹೋದೆ.

ಗೋಡೆಯ ಮೇಲೆ ಉಳಿದದ್ದು 'ನೂರು'.

ಅವತ್ತು ಸಂತೆಯ ದಿನ. ಓದು ಬಲ್ಲ ಒಬ್ಬ ಕಾಳಿನ ವ್ಯಾಪಾರಿ ತಲೆ ಎತ್ತಿ, "ನೂರು ಅಂತ ಬರದಾರಲ್ರೀ" ಅಂದನಂತೆ. ಬಾಜೂದವ, "ಏನ ನೂರು?" ಅಂದ. "ಅದನ್ನ ಬರದಿಲ್ಲ. ಬರೇ ನೂರು." ಮೂರನೆಯವ ಸ್ವಲ್ಪ ಯೋಚನೆ ಮಾಡಿ, "ಸರ್ಕಾರದ ಗ್ವಾಡಿ ಮ್ಯಾಲೆ ಬರದಾರಂದ್ರ ನೂರು ಮಂದಿ ಬೇಕಾಗ್ಯಾರ. ಬಿಟ್ಟಿ ಕೆಲಸಕ್ಕ ಹಿಡಕೊಂಡು ಹೋಗ್ತಾರ" ಅಂದ. ಸಂಬಳವಿಲ್ಲದ ಬಿಟ್ಟಿ ದುಡಿತ ನಿಜಾಮರ ಕಾಲದಲ್ಲಿ ಎಲ್ಲರೂ ಉಂಡ ನೋವು. ಸರ್ಕಾರ ಬದಲಾದರೂ ಬಿಟ್ಟಿ ಬದಲಾಗಿರಲಿಕ್ಕಿಲ್ಲ ಅಂತ ಜನ ನಂಬಿದ್ದರು. ಮಾತು ಬಯಲು ದಾಟುವಷ್ಟರಲ್ಲಿ ಒಬ್ಬೊಬ್ಬರೇ ಗಂಟು ಕಟ್ಟಿದರು. ಜವಳಗೇರಾ ಕಡೆಯ ಬಂಡಿಗಳು ಎತ್ತಿಗೆ ನೀರು ಸಹ ಕುಡಿಸದೆ ಹೊರಟವು.

ನಾನು ರೊಟ್ಟಿ ತಿಂದು ಬಂದು ನೋಡಿದರೆ ಸಂತೆಯಲ್ಲಿ ಬದನೆಕಾಯಿ ಇವೆ, ಮಾರುವವರಿಲ್ಲ. ಕಚೇರಿಯ ಪೇಷ್ಕಾರರು ತರಕಾರಿ ಚೀಲ ಹಿಡಿದುಕೊಂಡು ನಡುವೆ ನಿಂತಿದ್ದರು. "ಏನೋ, ಸಂತಿ ಎಲ್ಲಿ ಹೋತು?" ಅಂತ ನನ್ನನ್ನು ಕೇಳಿದರು.

ಉಸ್ತಾದರು ಸಾವಕಾಶವಾಗಿ ಬಂದು ಏಣಿ ಸರಿಸಿ, 'ಧ' ಬರೆದು, 'ಸಿಂ' ಬರೆದು ಮುಗಿಸಿದರು. ಗೋಡೆಗಳ ಹಿಂದೆ ಅಡಗಿದ್ದವರು ಒಬ್ಬೊಬ್ಬರೇ ಈಚೆ ಬಂದು, ಓದಿಸಿಕೊಂಡು, ಬದನೆಕಾಯಿಯ ಹತ್ತಿರ ಕುಳಿತರು. ಪೇಷ್ಕಾರರಿಗೆ ಎಲ್ಲ ತಿಳಿದಮೇಲೆ, "ಉಸ್ತಾದ್, ಇನ್ನ ಮುಂದ ಕನ್ನಡಾನ ಎಡಗಡಿಯಿಂದ ಶುರು ಮಾಡ್ರಿ" ಅಂದರು.

ಉಸ್ತಾದರು ಬ್ರಷ್ ತೊಳೆಯುತ್ತ, "ಆವಾಗ 'ಸಿಂ' ಬರದು ನಮಾಜಿಗೆ ಹೋಗಬೇಕಾಗ್ತದ ಸಾಬ್. ಸಿಂಹ ಬಂತು ಅಂತ ಓಡ್ತಾರ" ಅಂದರು.

ಹೆಸರು ಎರಡಾದ ಊರು

ನನ್ನ ಅಂಗಡಿ ಇದ್ದದ್ದು ಲಿಂಗಸುಗೂರಿನಲ್ಲಿ, ಬಸ್ಸು ನಿಲ್ಲುವ ಜಾಗದ ಹತ್ತಿರ. ಹಿಂದೆ ಅಲ್ಲಿ ದಂಡು ಇತ್ತು. ಅದಕ್ಕೇ ಹಳಬರು ಊರಿಗೆ ಛಾವಣಿ ಅನ್ನುತ್ತಿದ್ದರು. "ಎಲ್ಲಿಗೆ ಹೊಂಟಿ?" ಅಂದರೆ "ಛಾವಣಿಗೆ" ಅನ್ನುವುದೇ ರೂಢಿ.

ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಚಹಾದಂಗಡಿ. ಅದರ ಮಾಲೀಕ ನನ್ನಿಂದ 'ಛಾವಣಿ ಚಹಾದಂಗಡಿ, ಛಾವಣಿ' ಅಂತ ಬರೆಸಿದ. "ಊರಿನ ಹೆಸರು ಲಿಂಗಸುಗೂರು ಅಲ್ಲೇನ್ರಿ?" ಅಂದೆ. "ನಮ್ಮಜ್ಜ ಛಾವಣಿ ಅಂತಿದ್ದ. ನಿನಗಿಂತ ಅಂವಗ ಚಲೋ ಗೊತ್ತಿತ್ತು" ಅಂದ. ಬರೆದುಕೊಟ್ಟೆ. ಪಕ್ಕದ ಎಣ್ಣೆ ವ್ಯಾಪಾರಿ 'ಸು'ವನ್ನು ಎಳೆದು 'ಲಿಂಗಸೂಗೂರು' ಅಂತ ಬರಿ ಅಂದ. "ಯಾಕ್ರಿ?" ಅಂದೆ. "ಎಳೆದ್ರ ಊರು ದೊಡ್ಡದು ಕಾಣತೈತಿ" ಅಂದ. ಅದನ್ನೂ ಬರೆದುಕೊಟ್ಟೆ. ಗಿರಾಕಿ ಹೇಳಿದಂತೆ ಬರೆಯುವುದು ಕಸುಬಿನ ಧರ್ಮ.

ಒಂದು ದಿನ ನಮ್ಮ ಓಣಿಯ ಗೃಹಸ್ಥರೊಬ್ಬರ ಮಗಳನ್ನು ನೋಡಲು ಧಾರವಾಡ ಕಡೆಯಿಂದ ಗಂಡಿನವರು ಬರುವವರಿದ್ದರು. ಗಂಡಿನ ತಂದೆ ಶಾಲಾ ಮಾಸ್ತರರು, ಕಾಗುಣಿತದ ವಿಷಯದಲ್ಲಿ ಬಹಳ ಬಿಗಿ ಮನುಷ್ಯ. ಮನೆಯವರು ಮುಂಜಾನೆಯಿಂದ ಸಜ್ಜಕ ಮಾಡಿ ಕಾಯುತ್ತಿದ್ದಾರೆ. ಬಸ್ಸು ಬಂತು, ನಿಂತಿತು, ಹೋಯಿತು. ಗಂಡಿನವರು ಇಳಿಯಲಿಲ್ಲ.

ಹೆಣ್ಣಿನ ತಂದೆ ಓಡಿಬಂದು ನನ್ನ ಮುಂದೆ ನಿಂತರು. "ಏನ್ ಬರದಿ ಮಾರಾಯಾ? ಬಸ್ಸಿನಾಗಿಂದ ಇಳಿದ ಮಂದಿ ಹೇಳಾಕತ್ತಾರ, ಹಿರಿಯರೊಬ್ಬರು ಕಿಟಕ್ಯಾಗ ನೋಡಿ 'ಇದು ಛಾವಣಿ, ನಮ್ಮೂರಲ್ಲ' ಅಂದ್ರಂತ. ಕಂಡಕ್ಟರ್ ಎಣ್ಣಿ ಅಂಗಡಿ ಬೋರ್ಡು ತೋರಿಸಿದ್ರ, 'ನಮಗ ಹೇಳಿದ್ದು ಹ್ರಸ್ವ, ಇದು ದೀರ್ಘ' ಅಂತ ಅಲ್ಲೇ ಕುಂತ್ರಂತ. ಬಸ್ಸು ಮಸ್ಕಿಗೆ ಹೋತು. ಗಂಡೂ ಹೋತು."

ಇಂಥದ್ದಕ್ಕೆ ಹೆದರುವ ಮನುಷ್ಯ ನಾನಲ್ಲ. "ಹೋದ ಗಂಡು ತಿರುಗಿ ಬರತೈತಿ, ಸಜ್ಜಕ ಬಿಸಿ ಇಡ್ರಿ" ಅಂತ ಹೇಳಿ, ತಗಡಿನ ಮೇಲೆ ಶುದ್ಧ ಹ್ರಸ್ವದಲ್ಲಿ 'ಲಿಂಗಸುಗೂರು' ಅಂತ ಬರೆದು ರಸ್ತೆಯ ನಡುವೆ ನಿಲ್ಲಿಸಿಕೊಂಡು ಕುಳಿತೆ. ಮಸ್ಕಿಯವರು ಅವರನ್ನು ಮರಳಿ ಹೋಗುವ ಬಸ್ಸಿಗೆ ಹತ್ತಿಸಿದ್ದರು. ಮಧ್ಯಾಹ್ನ ದಾಟಿ ಬಸ್ಸು ಬಂತು. ಮಾಸ್ತರರು ಕಿಟಕಿಯಿಂದ ನನ್ನ ತಗಡು ಓದಿ, ಒಂದೊಂದೇ ಅಕ್ಷರ ತಾಳೆ ನೋಡಿ, ಆಮೇಲೆ ಕೆಳಗಿಳಿದರು.

ಹುಡುಗಿಯನ್ನು ನೋಡಿ ಆಯಿತು, ಒಪ್ಪಿಗೆಯೂ ಆಯಿತು. ಎಲೆ ಅಡಿಕೆ ಹಾಕಿಕೊಳ್ಳುವಾಗ ಮಾಸ್ತರರಿಗೆ ತಡೆಯಲಾಗಲಿಲ್ಲ. "ಅಲ್ರೀ ಬೀಗರ, ನಿಮ್ಮೂರಿಗೆ ಒಟ್ಟು ಎಷ್ಟು ಹೆಸರು?"

ಹೆಣ್ಣಿನ ತಂದೆ, "ಊರಿಗೆ ಎಷ್ಟರ ಇರಲಿ ಬಿಡ್ರಿ. ಹುಡುಗಿ ಒಬ್ಬಾಕಿನ ಅದಾಳ, ಆಕಿ ಹೆಸರಿನಾಗ ದೀರ್ಘ ಇಲ್ಲ" ಅಂದರು.

ಹಸಿ ಶಾಸನ

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇದೆ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಜಗತ್ತಿಗೆ ತಿಳಿದದ್ದು ಆ ಬಂಡೆಯಿಂದ. ನಮಗೆ ಚಿಕ್ಕಂದಿನಿಂದ ಅದು ಬರೀ 'ಬರದ ಕಲ್ಲು'. ಸ್ವಾತಂತ್ರ್ಯ ಬಂದು ಹಣದ ಮೇಲೂ ಅಶೋಕನ ಸಿಂಹ ಕಂಡಮೇಲೆ ಮಸ್ಕಿಯವರ ನಡಿಗೆಯೇ ಬದಲಾಯಿತು. "ಆ ಅಶೋಕ ನಮ್ಮೂರಿಗೆ ಬಂದಿದ್ದ, ನಿಮ್ಮೂರಿಗೆ ಬಂದಿದ್ನೇನು?" ಅಂತ ಸಿಂಧನೂರಿನವರನ್ನು ಕೇಳುತ್ತಿದ್ದರು.

ಹೈದರಾಬಾದಿನಿಂದ ಒಬ್ಬ ದೊಡ್ಡ ಸಾಹೇಬರು ಬಂಡೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಹಳೆಯ ಲಿಪಿಗಳನ್ನು ನೀರು ಕುಡಿದಂತೆ ಓದುವವರಂತೆ. ಮಸ್ಕಿಯ ಹಿರಿಯ ಗೌಡರು ನನಗೆ ಹೇಳಿಕಳಿಸಿದರು. ಹೋದರೆ, "ಕೆಂಪು ಎನಾಮಲ್ ತಂದೀ ಏನು? ಗುಡ್ಡಕ್ಕ ನಡಿ. ಬರದ ಕಲ್ಲಿನ ಅಕ್ಷರ ಮಾಸಿ ಗುರುತ ಸಿಗವಲ್ಲವು. ಸಾಹೇಬ್ರು ಬರೂದ್ರಾಗ ಒಂದ ಕೈ ಹಚ್ಚಿಬಿಡು" ಅಂದರು.

ನನಗೂ ಹುಮ್ಮಸ್ಸು. ಅಶೋಕನಿಗೆ ಬರೆದುಕೊಟ್ಟವನೂ ನನ್ನ ಕಸುಬಿನವನೇ ತಾನೆ? ಅವನ ಕೆಲಸದ ಮೇಲೆ ನನ್ನ ಕೈ ಓಡುವುದೆಂದರೆ ಸಣ್ಣ ಮಾತಲ್ಲ. ಡಬ್ಬಿ ಹಿಡಿದು ಗೌಡರ ಹಿಂದೆ ಹತ್ತಿದೆ. ಬಂಡೆಯ ಹತ್ತಿರ ಸರ್ಕಾರದ ಕಾವಲುಗಾರ ಕುಳಿತಿದ್ದ. ಮಾತು ಕಡಿಮೆ, ಮೀಸೆ ಹೆಚ್ಚು. ಡಬ್ಬಿ ನೋಡಿ ಎದ್ದುನಿಂತ.

"ಮುಟ್ಟಂಗಿಲ್ರಿ."

ಗೌಡರು, "ಊರಿನ ಮರ್ಯಾದಿ ಪ್ರಶ್ನೆ ಐತಿ. ಸಾಹೇಬ್ರು ಅಷ್ಟ ದೂರದಿಂದ ಬಂದು ಮಾಸಿದ್ದ ನೋಡಿ ಹೋಗಬೇಕೇನು?" ಅಂದರು.

"ಮಾಸಿದ್ದನ್ನ ನೋಡಾಕ ಬರಾಕತ್ತಾರ. ಮುಟ್ಟಂಗಿಲ್ರಿ."

ಗೌಡರು ಬೈದರು, ರಮಿಸಿದರು, ಬೀಡಿ ಕೊಟ್ಟರು. ಅವನು ಬೀಡಿ ಇಸಿದುಕೊಂಡ, ಜಾಗ ಬಿಡಲಿಲ್ಲ. ಈಗ ಯೋಚಿಸಿದರೆ, ಅವತ್ತು ಅವನು ಒಂದು ಹೆಜ್ಜೆ ಬದಿಗೆ ಸರಿದಿದ್ದರೆ ಅಶೋಕನ ಮಾತು ಇವತ್ತು ನನ್ನ ಎನಾಮಲ್ಲಿನ ಕೆಳಗೆ ಇರುತ್ತಿತ್ತು. ಕೊನೆಗೆ ತಂದ ಬಣ್ಣ ವ್ಯರ್ಥವಾಗಬಾರದೆಂದು ಗೌಡರು ದಾರಿಯ ತಿರುವಿನಲ್ಲಿದ್ದ ಒಂದು ಬೇರೆ ಗುಂಡುಕಲ್ಲಿನ ಮೇಲೆ 'ಸುಸ್ವಾಗತ' ಬರೆಸಿದರು. ಚೆನ್ನಾಗಿಯೇ ಬಂತು.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಅವರಿಗೆ ಅಶೋಕನ ಕಾಲದ ಲಿಪಿ ಬರುತ್ತಿತ್ತು, ಫಾರ್ಸಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು. ಕನ್ನಡ ಮಾತ್ರ ಬರುತ್ತಿರಲಿಲ್ಲ. ಬಿಸಿಲಲ್ಲಿ ಏದುಸಿರು ಬಿಡುತ್ತ ತಿರುವಿಗೆ ಬಂದವರು ಕೆಂಪು ಅಕ್ಷರ ನೋಡಿ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಹತ್ತಿರ ಹೋಗಿ ಬಗ್ಗಿ ನೋಡಿದರು. ಎದುರುಗೊಳ್ಳಲು ಇಳಿದುಬಂದಿದ್ದ ಕಾವಲುಗಾರನನ್ನು ಬಹಳ ಗಂಭೀರವಾಗಿ ಕೇಳಿದರು: "ಯೇ ಕಿಸ್ ಜಮಾನೇ ಕಾ ಹೈ?" ಇದು ಯಾವ ಕಾಲದ್ದು ಅಂತ.

ಅಕ್ಷರದ ಕಡೆಗೆ ಹೋಗುತ್ತಿದ್ದ ಅವರ ಬೆರಳನ್ನು ನೋಡಿ ಕಾವಲುಗಾರ ತನಗೆ ಗೊತ್ತಿದ್ದ ಒಂದೇ ಮಾತು ಹೇಳಿದ. "ಮುಟ್ಟಂಗಿಲ್ರಿ. ಇನ್ನಾ ಹಸಿ ಐತಿ."

ಒಂದೇ ಬೋರ್ಡು

ತುಂಗಭದ್ರೆಯ ಕಾಲುವೆ ಬಂದಮೇಲೆ ಸಿಂಧನೂರು ಸೀಮೆಯ ಬಣ್ಣವೇ ಬದಲಾಯಿತು. ಆಂಧ್ರದ ಕರಾವಳಿಯ ಕಡೆಯಿಂದ ರೈತರು ಬಂದು ನೆಲ ಕೊಂಡು ಭತ್ತ ಹಚ್ಚಿದರು, ಹೊಲದಲ್ಲೇ ಮನೆ ಕಟ್ಟಿಕೊಂಡರು. ಅಂಥ ವಸತಿಗೆ ಕ್ಯಾಂಪು ಅನ್ನುತ್ತಿದ್ದರು. ಗೊರೇಬಾಳದ ಅಂಚಿನಲ್ಲಿ ಹಾಗೊಂದು ಕ್ಯಾಂಪು ಎದ್ದಿತು. ಅದರ ಹಿರಿಯ ರೈತ ದಾರಿಯಲ್ಲಿ ತೆಲುಗಿನ ಬೋರ್ಡು ಹಾಕಿಸಬೇಕೆಂದ. ಗೊರೇಬಾಳದ ಗೌಡರು, "ನೆಲ ನಮ್ಮದು, ಕನ್ನಡದಾಗ ಇರಬೇಕು" ಅಂದರು. ಇದ್ದದ್ದು ಒಂದೇ ತಗಡು. ಇಬ್ಬರೂ ನನ್ನ ಎರಡು ಕಡೆ ನಿಂತರು. ಮಾತು ಬಿರುಸಾಗುತ್ತಿತ್ತು.

"ಇಬ್ಬರೂ ಕಾಲುವಿ ದಂಡಿ ಮ್ಯಾಲೆ ಹೋಗಿ ಕುಂದರ್ರಿ. ಬರದು ಮುಗಿಯೂತನ ಈ ಕಡಿ ಬರಬ್ಯಾಡ್ರಿ" ಅಂದೆ. ಕೈಯಲ್ಲಿ ಬ್ರಷ್ ಇರುವವನ ಮಾತಿಗೆ ತೂಕ ಇರುತ್ತದೆ. ಹೋಗಿ ಕುಳಿತರು.

ಸುಮ್ಮನೆ ಎಷ್ಟು ಹೊತ್ತು ಕುಳಿತಾರು? ಗೌಡರೇ ಮೊದಲು ಕೇಳಿದರು, "ನಿಮ್ಮೂರಾಗ ನೀರಿಲ್ಲೇನು?"

"ಎಂದುಕು ಲೇದು ಗೌಡಗಾರು? ಊರ ಮುಂದೇ ಸಮುದ್ರ. ಈ ದಡದಾಗ ನಿಂತ್ರೆ ಆ ದಡ ಕಾಣಲ್ಲ."

ಗೌಡರು ತಮ್ಮ ಹೊಸ ಕಾಲುವೆಯನ್ನು ನೋಡಿದರು. ಅದರ ಆಚೆ ದಡ ಚೆನ್ನಾಗಿಯೇ ಕಾಣುತ್ತಿತ್ತು. "ಅಷ್ಟು ನೀರು ಬಿಟ್ಟು ಇಲ್ಲಿಗ್ಯಾಕ ಬಂದ್ರಿ?"

"ಅದು ಪೂರಾ ಉಪ್ಪು, ಗೌಡಗಾರು. ಬೆಳೆ ಬರಲ್ಲ."

ಗೌಡರು, "ಅಂಥಾ ನೀರು ಕೆಡಿಸಿದವರು ಯಾರು?" ಅಂದರು. ಆ ರೈತನಿಗೆ ನಗು ಬಂತು, ಗೌಡರಿಗೂ ಬಂತು. ಆಮೇಲೆ ಒಬ್ಬರ ತಂಬಾಕು ಇನ್ನೊಬ್ಬರ ಅಂಗೈಗೆ ಹೋಯಿತು.

ನಾನು ಇಷ್ಟು ಹೊತ್ತಿಗೆ ನನ್ನ ಕೆಲಸ ಮುಗಿಸಿದ್ದೆ. ಕನ್ನಡ, ತೆಲುಗು ಅಕ್ಷರಗಳು ಅಕ್ಕತಂಗಿಯರಿದ್ದಂತೆ. ತಲೆಕಟ್ಟಿನಲ್ಲಿ ಮಾತ್ರ ಜಗಳ. ನಾನು ತಲೆಕಟ್ಟನ್ನು ಕನ್ನಡದಷ್ಟು ಅಡ್ಡವೂ ಅಲ್ಲದಂತೆ, ತೆಲುಗಿನಷ್ಟು ಓರೆಯೂ ಅಲ್ಲದಂತೆ ಎಳೆದಿದ್ದೆ. ಇಬ್ಬರನ್ನೂ ಕರೆದೆ. ರೈತ ಗಟ್ಟಿಯಾಗಿ ಓದಿದ. ಗೌಡರೂ ಗಟ್ಟಿಯಾಗಿ ಓದಿದರು. ಇಬ್ಬರೂ ಓದಿದ್ದು ಒಂದೇ ಹೆಸರು.

ಗೌಡರು ನನ್ನನ್ನು ಬದಿಗೆ ಕರೆದು, "ನೋಡಿದೇನು, ಬಂದು ವರ್ಷ ಆಗಿಲ್ಲ, ಕನ್ನಡ ಓದಾಕತ್ಯಾನ" ಅಂದರು. ಅವರು ಹೋದಮೇಲೆ ಆ ರೈತ ಬಂದು ಮೆಲ್ಲಗೆ, "ಗೌಡಗಾರಿಗೆ ತೆಲುಗು ಇಷ್ಟು ಚೆನ್ನಾಗಿ ಓದಾಕೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದ.

ಇಬ್ಬರಿಗೂ ನಾನು ಒಂದೇ ಮಾತು ಹೇಳಿದೆ: "ಹೌದ್ರಿ, ನಾನ ಕಲಿಸಿದ್ದು."

ಮೈಸೂರು ಸೇರಿದ್ದು

ಐವತ್ತಾರರಲ್ಲಿ ಹೈದರಾಬಾದ್ ರಾಜ್ಯ ಒಡೆದು ಭಾಷೆಯ ಲೆಕ್ಕದಲ್ಲಿ ಹಂಚಿಹೋಯಿತು. ನಾವು ಮೈಸೂರು ರಾಜ್ಯಕ್ಕೆ ಬಂದೆವು. ನಮ್ಮ ಜಿಲ್ಲೆಯಲ್ಲೇ ಇದ್ದ ಗದ್ವಾಲ ಸೀಮೆ ಆಂಧ್ರಕ್ಕೆ ಹೋಯಿತು. ನನಗೆ ಉಸಿರು ಬಿಡಲು ಪುರಸೊತ್ತಿಲ್ಲ. ಎಲ್ಲಿ ಹೈದರಾಬಾದ್ ಅಂತ ಇದೆಯೋ ಅಲ್ಲೆಲ್ಲ ಮೈಸೂರು ಅಂತ ಆಗಬೇಕು.

ಸಂತೆಕಲ್ಲೂರಿನಲ್ಲಿ ಏಣಿ ಹತ್ತಿ ಬರೆಯುತ್ತಿದ್ದಾಗ ಕೆಳಗೆ ಒಬ್ಬ ಅಜ್ಜಿ ಬಂದು ನಿಂತಳು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು. "ಇಳಿ ತಮ್ಮಾ, ಉಣ್ಣು" ಅಂದಳು. ಇಂಥ ಮಾತಿಗೆ ಎದುರಾಡಬಾರದು. ಇಳಿದು ಉಂಡೆ. ಉಂಡಮೇಲೆ ವಿಷಯ ಹೊರಬಂತು.

"ನನ್ನ ಮಗಳನ್ನ ಗದ್ವಾಲ ಕಡಿ ಹಳ್ಳಿಗೆ ಕೊಟ್ಟೀನಿ. ಆ ಊರನ್ನ ಬ್ಯಾರೆ ರಾಜ್ಯಕ್ಕ ಬರದಾರಂತ. ಅದನ್ನೂ ಈ ಕಡಿ ಬರದುಬಿಡಪ್ಪ. ಇರೂದು ಒಬ್ಬಾಕಿ ಮಗಳು."

"ಯವ್ವಾ, ಅದು ನನ್ನ ಕೈಯಾಗಿಲ್ಲ. ದಿಲ್ಲ್ಯಾಗ ಬರೀತಾರ."

"ದಿಲ್ಲ್ಯಾಗ ಬರಿಯೂದು ನಾ ಕಂಡಿಲ್ಲ. ನೀ ಬರಿಯೂದು ಕಣ್ಣಾರೆ ನೋಡಾಕತ್ತೀನಿ. ಮುಂಜಾನೆ ಈ ಊರು ಹೈದರಾಬಾದಿನಾಗಿತ್ತು, ನೀ ಏಣಿ ಹತ್ತಿ ಇಳಿಯೂದ್ರಾಗ ಮೈಸೂರಾತು."

ನಾನು ಏನು ಹೇಳಿದರೂ ಅವಳು ಒಪ್ಪಲಿಲ್ಲ. ಹೋಗಿಬರಲು ತೊಂದರೆಯಿಲ್ಲ, ಬಸ್ಸು ಇದ್ದೇ ಇರುತ್ತದೆ ಅಂತ ಸಮಾಧಾನ ಮಾಡಿದೆ. ಅವಳ ಕಣ್ಣಲ್ಲಿ ನೀರಾಡಿತು. "ಮಗಳು ಪರರಾಜ್ಯದಾಗ ಇದ್ರ ತಾಯಿಗೆ ಹೆಂಗಾಗತೈತಿ ಅಂತ ನಿನಗೇನು ಗೊತ್ತು" ಅಂದಳು. ಊರು ಬರೆಯಲಾರೆ ಅಂತ ಮತ್ತೊಮ್ಮೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಚೌಕಾಸಿಗೆ ಇಳಿದಳು.

"ಊರು ಬ್ಯಾಡ ಬಿಡು. ಮನಿ ಅಷ್ಟ ಬರಿ."

ಅದಾದರೂ ಆಗುವ ಕೆಲಸ. ಉಳಿದಿದ್ದ ಸಣ್ಣ ತಗಡಿನ ಮೇಲೆ, ಹಳದಿ ಬಣ್ಣದ ಮೇಲೆ ಕಪ್ಪಿನಿಂದ, ಸರ್ಕಾರಿ ಬೋರ್ಡಿಗೆ ಎಲ್ಲೂ ಕಡಿಮೆಯಿಲ್ಲದಂತೆ 'ಮೈಸೂರು ರಾಜ್ಯ' ಅಂತ ಬರೆದುಕೊಟ್ಟೆ. ಒಣಗುವತನಕ ಕಾದು, ಸೆರಗಿನಲ್ಲಿ ಸುತ್ತಿಕೊಂಡು, ಮರುದಿನವೇ ಬಸ್ಸು ಹತ್ತಿ ಗದ್ವಾಲದ ಕಡೆ ಹೋದಳಂತೆ. ಮಗಳ ಮನೆಯ ತಲೆಬಾಗಿಲಿಗೆ ತಾನೇ ನಿಂತು ಮೊಳೆ ಹೊಡೆಸಿದಳಂತೆ. ಊರವರು ಬಂದು ನೋಡಿ ನಕ್ಕು ಹೋದರಂತೆ. ನಾನು ಅದನ್ನು ಅಲ್ಲಿಗೇ ಮರೆತೆ.

ಸ್ವಲ್ಪ ದಿನ ಕಳೆದಮೇಲೆ ನನ್ನ ಅಂಗಡಿಗೆ ಒಬ್ಬ ಸೊರಗಿದ ಮನುಷ್ಯ ಬಂದ. ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, "ಸಂತೆಕಲ್ಲೂರು ಅಜ್ಜಿಗೆ ತಗಡು ಬರದುಕೊಟ್ಟವರು ನೀವೇನ್ರಿ?" ಅಂದ.

"ಹೌದ್ರಿ. ಹೆಂಗ ಬಂದೈತಿ ಅಕ್ಷರ?"

"ಅಕ್ಷರ ಚಲೋ ಅದಾವ. ನಾ ಆಕಿ ಅಳಿಯ." ರುಮಾಲಿನಿಂದ ಮುಖ ಒರೆಸಿಕೊಂಡ. "ಆ ಬೋರ್ಡು ಬಡಿದಾಗಿಂದ ಮನ್ಯಾಗ ನನ್ನ ಮಾತು ನಡಿಯವಲ್ದು. ಏನ್ ಹೇಳಿದ್ರೂ ನನ್ನ ಹೆಣ್ತಿ, 'ಬಾಗಲದ ಮ್ಯಾಲೆ ನೋಡ್ರಿ, ಇದು ಮೈಸೂರು ರಾಜ್ಯ. ನೀವು ಆಂಧ್ರದವರು, ನಿಮ್ಮ ಕಾಯ್ದೆ ಹೊಸ್ತಲದ ಆಚೆ' ಅಂತಾಳ. ಅತ್ತಿ ಬಂದು ಕುಂತಾಳ. ತನ್ನ ರಾಜ್ಯದಾಗ ತಾ ಎಷ್ಟು ದಿನರ ಇರಬಹುದು ಅಂತಾಳ."

"ಕಿತ್ತು ಒಗೀರಲ್ಲ."

"ಸರ್ಕಾರಿ ಬೋರ್ಡು ಕಿತ್ತರ ಜೇಲು ಅಂತ ಹೆದರಸ್ಯಾರ್ರಿ. ನೋಡಿದ್ರ ಹಂಗ ಐತಿ. ಅಷ್ಟು ಚಲೋ ಯಾಕ ಬರದ್ರಿ?"

ಕೆಟ್ಟದಾಗಿ ಬರೆಯಲು ನನಗೆ ಬರುವುದಿಲ್ಲ. "ಈಗ ನಾ ಏನು ಮಾಡಬೇಕ್ರಿ?" ಅಂದೆ.

ಅವನು ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕುರ್ಚಿ ಹತ್ತಿರ ಎಳೆದುಕೊಂಡ. "ನನಗೂ ಒಂದು ಬರದುಕೊಡ್ರಿ. 'ಆಂಧ್ರ ಪ್ರದೇಶ' ಅಂತ."

"ಎಷ್ಟು ದೊಡ್ಡದು ಬೇಕು?"

"ದೊಡ್ಡದು ಬ್ಯಾಡ್ರಿ" ಅಂದ. "ಪಡಸಾಲಿ ಮೂಲ್ಯಾಗ ನಾ ಮಲಗೂ ಹೊರಸು ಐತಿ. ಅಷ್ಟಕ್ಕ ಸಾಕು."